ಆಟಕ್ಕುಂಟು, ಲೆಕ್ಕಕ್ಕಿಲ್ಲ: ಬೇಸಿಗೆ ರಜೆಯ ಆಟಗಳ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದ್ದರೆ ಹಾಗೇ ಆರಾಮಾಗಿ ಕೂತ್ಕೊಳ್ಳಿ. ಇವತ್ತಿನ ಎಪಿಸೋಡ್‌ನಲ್ಲಿ ಒಬ್ಬ ರಾಜ ಬರ್ತಾನೆ, ಆದರೆ ಯುದ್ಧಕ್ಕಲ್ಲ, ಆಟಕ್ಕೆ.

ಕರ್ನಾಟಕದಲ್ಲಿ ಓದಿದವರಿಗೆ ಏಪ್ರಿಲ್ 10 ಅಂದರೆ ಏನು ಅಂತ ಹೇಳಬೇಕಾಗಿಲ್ಲ. ರಿಸಲ್ಟ್ ದಿನ. ಪಾಸಾದರೆ ಪೆಪ್ಪರ್‌ಮಿಂಟ್, ಮಾರನೇ ದಿನದಿಂದ ಮೇ ಕೊನೆಯವರೆಗೆ ರಜೆ. ಆ ರಜೆಯಲ್ಲಿ ಲಗೋರಿ, ಚಿನ್ನಿದಾಂಡು, ಬುಗುರಿ, ಗೋಲಿ, ಮರಕೋತಿ, ಕುಂಟೆಬಿಲ್ಲೆ. ಈ ಆಟಗಳ ಬಗ್ಗೆ ನಾವು ಮಾತಾಡೋದೆಲ್ಲ ಸಾಮಾನ್ಯವಾಗಿ "ಅಯ್ಯೋ, ಆ ಕಾಲ ಹೋಯ್ತು" ಅನ್ನೋ ರಾಗದಲ್ಲೇ ಇರುತ್ತೆ. ನಾನು ಇವತ್ತು ಬೇರೆ ಪ್ರಶ್ನೆ ಕೇಳ್ತೀನಿ. ಲಗೋರಿಯ ರೂಲ್ಸ್ ಮಾಡಿದ್ದು ಯಾರು? ನಿಮಗೆ ಅದನ್ನ ಹೇಳಿಕೊಟ್ಟವರು ಯಾರು? ಅಪ್ಪನಾ? ಪಿ.ಟಿ. ಮೇಷ್ಟ್ರಾ? ಬಹುಶಃ ಇಬ್ಬರೂ ಅಲ್ಲ. ನಿಮಗಿಂತ ಎರಡು ಮೂರು ವರ್ಷ ದೊಡ್ಡವರಾದ ಒಬ್ಬ ಹುಡುಗ ಅಥವಾ ಹುಡುಗಿ. ಅವರಿಗೆ ಕಲಿಸಿದ್ದು ಇನ್ನೊಬ್ಬ ಹುಡುಗ. ಈ ಸರಪಳಿ ಹಿಡ್ಕೊಂಡು ಹಿಂದೆ ಹೋದರೆ ಇತಿಹಾಸ ಎಲ್ಲಿಗೆ ಮುಟ್ಟುತ್ತೆ ಅನ್ನೋದೇ ಇವತ್ತಿನ ಕಥೆ.

ರಾಜನ ಆಟ ಬರೆದಿಟ್ಟರು, ಮಕ್ಕಳ ಆಟ ಬರೆದಿಡಲಿಲ್ಲ

ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. 12ನೇ ಶತಮಾನದಲ್ಲಿ ಅಲ್ಲಿ ಆಳಿದ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥ ಬರೆದ. ಅಡುಗೆ, ಆನೆ, ಔಷಧಿ, ಚಿತ್ರಕಲೆ ಎಲ್ಲ ಇರೋ ಒಂದು ವಿಶ್ವಕೋಶ ಅದು. ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ. ಕೊನೆಯ ಭಾಗ ಪೂರ್ತಿ ಕ್ರೀಡೆಗಳಿಗೇ ಮೀಸಲು. ಉಯ್ಯಾಲೆ ಆಟ, ನೀರಾಟ, ಮರಳಿನ ಮೇಲಿನ ಆಟ, ಬೆಳದಿಂಗಳ ಆಟ, ತೋಟದ ಆಟ. ಈ ಪಟ್ಟಿ ಕೇಳಿದರೆ ನಮ್ಮ ಸಮ್ಮರ್ ಕ್ಯಾಂಪ್ ಬ್ರೋಷರ್ ಥರಾನೇ ಇದೆ, ಅಲ್ವಾ?

ಆದರೆ ಇದು ರಾಜ ಮತ್ತು ಅವನ ಪರಿವಾರದ ಆಟಗಳ ದಾಖಲೆ. ಅದೇ ಕಾಲದಲ್ಲಿ ಕೋಟೆಯ ಹೊರಗೆ ದನ ಕಾಯೋ ಮಕ್ಕಳು ಏನು ಆಡ್ತಿದ್ದರು ಅನ್ನೋದನ್ನ ಯಾರೂ ಕೂತು ಬರೆಯಲಿಲ್ಲ. ಕೂತು ಆಡೋ ಆಟಗಳಾದರೂ ಗುರುತು ಬಿಟ್ಟಿವೆ. ಹಂಪಿಗೆ ಹೋದಾಗ ಮಂಟಪಗಳ ನೆಲಹಾಸನ್ನ ಗಮನಿಸಿ ನೋಡಿ. ಕಲ್ಲಿನಲ್ಲೇ ಆಟದ ಮನೆಗಳನ್ನ ಕೊರೆದಿದ್ದಾರೆ. ಓಡೋ ಆಟಕ್ಕೆ ಆ ಭಾಗ್ಯ ಇಲ್ಲ. ಮಣ್ಣಲ್ಲಿ ಗೆರೆ ಎಳೀತಾರೆ, ಮಳೆ ಬಂದರೆ ಅಳಿಸಿ ಹೋಗುತ್ತೆ. ಹಾಗಾದರೆ ಅದರ ಇತಿಹಾಸ ಹುಡುಕೋದು ಎಲ್ಲಿ? ನನ್ನ ಪ್ರಕಾರ ಆಟ ಆಡೋರ ಬಾಯಲ್ಲಿ.

ಚಿನ್ನಿಯ ಜೊತೆ ಹಾರಿದ ಲೆಕ್ಕ

ಚಿನ್ನಿದಾಂಡು ತಗೊಳ್ಳಿ. ಕೈಯಷ್ಟು ಉದ್ದದ ಒಂದು ದಾಂಡು, ಗೇಣಿಗಿಂತ ಚಿಕ್ಕದಾದ, ಎರಡೂ ತುದಿ ಚೂಪಾದ ಒಂದು ಚಿನ್ನಿ, ನೆಲದಲ್ಲಿ ಒಂದು ಸಣ್ಣ ಕುಳಿ. ದುಡ್ಡು ಖರ್ಚಿಲ್ಲ. ಚಿನ್ನಿಯ ತುದಿಗೆ ದಾಂಡಿನಿಂದ ಮೆಲ್ಲಗೆ ತಟ್ಟಿ, ಅದು ಮೇಲೆ ಹಾರಿದಾಗ ಬೀಸಿ ಹೊಡೀಬೇಕು. ಬಿದ್ದ ಜಾಗದಿಂದ ಕುಳಿವರೆಗೆ ದಾಂಡಿನಲ್ಲೇ ಅಳತೆ. ಕೆಲವು ಕಡೆ ಇದು ಚಿನ್ನಿಕೋಲು, ಉತ್ತರ ಕರ್ನಾಟಕದಲ್ಲಿ ಚಿಣಿಕೋಲು, ತುಳುನಾಡಿನಲ್ಲಿ ಕುಟ್ಟಿದೊಣ್ಣೆ, ಹಿಂದಿಯಲ್ಲಿ ಗಿಲ್ಲಿ ದಂಡಾ, ಮರಾಠಿಯಲ್ಲಿ ವಿಟಿದಾಂಡು.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರ್ತೀನಿ. ಮಹಾರಾಷ್ಟ್ರದಲ್ಲಿ ವಿಟಿದಾಂಡು ಆಡುವಾಗ ಎಣಿಸೋದು ಹೇಗೆ ಗೊತ್ತಾ? ಮರಾಠಿಯಲ್ಲಿ ಒಂದು ಎರಡು ಮೂರು ಅಂದರೆ ಏಕ್, ದೋನ್, ತೀನ್. ಆದರೆ ಈ ಆಟದ ಎಣಿಕೆ ಶುರುವಾಗೋದು ವಕಟ, ಲೇಂಡ, ಮೂಂಡ, ನಾಲ ಅಂತ. ಒಂದೊಂದು ಎಣಿಕೆಗೂ ಚಿನ್ನಿಯನ್ನ ಒಂದೊಂದು ಥರ ಹೊಡೀಬೇಕು. ತೆಲುಗು ಗೊತ್ತಿರೋರು ಈಗಾಗಲೇ ನಗ್ತಿರ್ತೀರಿ. ಒಕಟಿ, ರೆಂಡು, ಮೂಡು, ನಾಲುಗು. ನಮ್ಮ ಮೂರು, ನಾಲ್ಕು ಕೂಡ ದೂರದವೇನಲ್ಲ. ಇವು ದ್ರಾವಿಡ ಭಾಷೆಯ ಸಂಖ್ಯೆಗಳು, ಮರಾಠಿ ಮಕ್ಕಳ ಬಾಯಲ್ಲಿ ಉಳಿದುಕೊಂಡಿವೆ.

ಯೋಚನೆ ಮಾಡಿ. ಎರಡು ಭಾಷೆಯ ಜನ ಅಕ್ಕಪಕ್ಕ ಬದುಕಿದ್ದರು, ಅವರ ಮಕ್ಕಳು ಒಟ್ಟಿಗೆ ಆಡಿದರು ಅನ್ನೋದಕ್ಕೆ ಇಲ್ಲಿ ಯಾವ ಶಾಸನವೂ ಇಲ್ಲ, ಇರೋದು ಒಂದು ಎಣಿಕೆ. ಯಾವ ರಾಜನೂ ಆಜ್ಞೆ ಮಾಡಲಿಲ್ಲ, ಯಾವ ಪಠ್ಯಪುಸ್ತಕದಲ್ಲೂ ಬರಲಿಲ್ಲ. ದೊಡ್ಡ ಹುಡುಗ ಚಿಕ್ಕ ಹುಡುಗನಿಗೆ ಹೇಳಿಕೊಟ್ಟ, ಅವನು ಇನ್ನೊಬ್ಬನಿಗೆ. ಗಡಿ ದಾಟಿ ಹೋದ ಆ ಲೆಕ್ಕ ಅರ್ಥ ಮರೆತರೂ ಸದ್ದು ಮರೀಲಿಲ್ಲ. ಇಂಗ್ಲೆಂಡ್‌ನಲ್ಲಿ ಅಯೋನಾ ಮತ್ತು ಪೀಟರ್ ಓಪಿ ದಂಪತಿ ಬೀದಿ ಆಟಗಳನ್ನ ವರ್ಷಗಟ್ಟಲೆ ಸಂಗ್ರಹ ಮಾಡಿ 1969ರಲ್ಲಿ ಪುಸ್ತಕ ತಂದರು. ಅವರು ಕಂಡಿದ್ದೂ ಇದನ್ನೇ: ಈ ಆಟಗಳು ಮಗುವಿನಿಂದ ಮಗುವಿಗೆ ದಾಟ್ತವೆ, ದೊಡ್ಡವರ ಕೈ ಇದರಲ್ಲಿ ತುಂಬಾ ಕಡಿಮೆ.

ರಜೆ ಅಂದರೆ ರೂಲ್ಸ್ ಜಗಳ

ಈ ಸರಪಳಿಯಲ್ಲಿ ಬೇಸಿಗೆ ರಜೆಗೆ ಯಾಕೆ ಅಷ್ಟು ಮಹತ್ವ? ಎರಡು ಕಾರಣ. ಮೊದಲನೆಯದು ಜಾಗ. ಸುಗ್ಗಿ ಮುಗಿದಿರುತ್ತೆ, ಕಣ ಖಾಲಿ, ಹೊಲ ಖಾಲಿ, ಕೆರೆಯಂಗಳ ಒಣಗಿರುತ್ತೆ. ಮುಂಗಾರು ಬರೋವರೆಗೆ ಆ ನೆಲ ಮಕ್ಕಳದ್ದು. ಎರಡನೆಯದು ಜನ. ಅಜ್ಜಿ ಮನೆಗೆ ಹುಬ್ಬಳ್ಳಿಯಿಂದ ಒಬ್ಬ, ತುಮಕೂರಿನಿಂದ ಒಬ್ಬಳು, ಬೆಂಗಳೂರಿನಿಂದ ಇಬ್ಬರು ಬಂದಿರ್ತಾರೆ. ಒಬ್ಬೊಬ್ಬರ ಊರಲ್ಲಿ ಒಂದೊಂದು ರೂಲ್ಸ್. ಲಗೋರಿಯಲ್ಲಿ ಏಳು ಬಿಲ್ಲೆನೋ ಒಂಬತ್ತೋ? ಚೆಂಡು ಹಿಡ್ಕೊಂಡು ಓಡಬಹುದಾ, ನಿಂತಲ್ಲಿಂದಲೇ ಹೊಡೀಬೇಕಾ? ಚೆಂಡು ಒಂದು ಪುಟ ಬಿದ್ದ ಮೇಲೆ ತಗುಲಿದರೆ ಔಟಾ?

ಆಟ ಶುರುವಾಗೋ ಮುಂಚೆ ಅರ್ಧ ಗಂಟೆ ಇದೇ ಜಗಳ. ದೊಡ್ಡವರು "ಜಗಳ ಆಡೋದಾದರೆ ಒಳಗೆ ಬನ್ನಿ" ಅಂತ ಗದರ್ತಾರೆ. ಆಗ ರಾಜಿ ಆಗಲೇಬೇಕು. ಯಾಕಂದರೆ ರಾಜಿ ಆಗದಿದ್ದರೆ ಆಟ ಇಲ್ಲ.

ಈ ಜಗಳವನ್ನ ಸೀರಿಯಸ್ಸಾಗಿ ತಗೊಂಡ ಒಬ್ಬ ವಿಜ್ಞಾನಿ ಇದ್ದಾನೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. ಅವನು ಮಕ್ಕಳ ಹತ್ತಿರ ಹೋಗಿ, "ನನಗೆ ಗೋಲಿ ಆಟ ಹೇಳಿಕೊಡಿ" ಅಂತ ಕೇಳಿ, ಅವರ ಉತ್ತರಗಳನ್ನ ಬರೆದುಕೊಂಡ. 1932ರಲ್ಲಿ ಬಂದ ಅವನ ಪುಸ್ತಕ ನೈತಿಕತೆ ಬಗ್ಗೆ, ಆದರೆ ಅದು ಶುರುವಾಗೋದು ಗೋಲಿಯಿಂದ. ಚಿಕ್ಕ ಮಕ್ಕಳಿಗೆ ನಿಯಮ ಅಂದರೆ ದೊಡ್ಡವರು ಇಟ್ಟದ್ದು, ಅದನ್ನ ಮುಟ್ಟೋ ಹಾಗಿಲ್ಲ. ಹತ್ತು ಹನ್ನೆರಡು ವರ್ಷ ದಾಟಿದವರಿಗೆ ಮಾತ್ರ ಹೊಳೆಯುತ್ತೆ: ಎಲ್ಲರೂ ಒಪ್ಪಿದರೆ ನಿಯಮ ಬದಲಾಯಿಸಬಹುದು. ಅದು ಹೊಳೆಯೋದು ಭಾಷಣ ಕೇಳಿ ಅಲ್ಲ, ಸರೀಕರ ಜೊತೆ ಆಡ್ತಾ ಆಡ್ತಾ.

ನಾನು ಓದಿದ್ದು ಬಿಕಾಂ. ನಮಗೆ ಪಾರ್ಟ್‌ನರ್‌ಶಿಪ್ ಆಕ್ಟ್ ಪಾಠ ಇತ್ತು, ಅದೂ 1932ರದ್ದೇ. ಪಾಲುದಾರಿಕೆಗೆ ಬರವಣಿಗೆಯ ಒಪ್ಪಂದ ಕಡ್ಡಾಯ ಅಲ್ಲ, ಬಾಯಿ ಮಾತೂ ನಡೆಯುತ್ತೆ ಅಂತ ಓದಿದಾಗ ನನಗೆ ನೆನಪಾಗಿದ್ದು ಲಗೋರಿ.

ಆಟದ ಈ ಬಾಯಿ ಮಾತಿನ ಕಾನೂನಿನಲ್ಲಿ ಒಂದು ಅದ್ಭುತವಾದ ಕಲಂ ಇದೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈಗ ಇದನ್ನ ಬೈಗುಳದ ಥರ ಬಳಸ್ತೀವಿ, ಆಫೀಸಲ್ಲಿ ಕೆಲಸಕ್ಕೆ ಬಾರದ ಮೀಟಿಂಗ್‌ಗೆ ಕೂರಿಸಿದರೆ ಹೀಗಂತೀವಿ. ಬಯಲಲ್ಲಿ ಇದರ ಅರ್ಥ ಬೇರೆ. ನಾಲ್ಕು ವರ್ಷದ ತಂಗಿ "ನಾನೂ ಬರ್ತೀನಿ" ಅಂತ ಅಳ್ತಾಳೆ. ಅವಳನ್ನ ಸೇರಿಸಿಕೊಂಡರೆ ಟೀಮ್ ಸೋಲುತ್ತೆ, ಬಿಟ್ಟರೆ ಮನೇಲಿ ಏಟು ಬೀಳುತ್ತೆ. ಅದಕ್ಕೆ ಮಕ್ಕಳೇ ಕಂಡುಕೊಂಡ ಪರಿಹಾರ ಇದು. ಅವಳು ಓಡಲಿ, ಕೂಗಲಿ, ಔಟಾದರೂ ಔಟಿಲ್ಲ. ಎರಡು ಬೇಸಿಗೆ ಹೀಗೆ ಓಡಿದ ಮೇಲೆ ಅವಳಿಗೆ ಆಟ ಪೂರ್ತಿ ಗೊತ್ತಿರುತ್ತೆ. ಮೂರನೇ ಬೇಸಿಗೆಗೆ ಅವಳು ಲೆಕ್ಕಕ್ಕೂ ಉಂಟು. ವಕಟ, ಲೇಂಡ ಅಷ್ಟು ದೂರ ಪ್ರಯಾಣ ಮಾಡಿದ್ದು ಇಂಥ ಚಿಕ್ಕವರ ಕಿವಿಯಲ್ಲೇ.

ಒಂದು ಆಟ ಕ್ರೀಡೆ ಆದಾಗ

ಕೆಲವು ಆಟಗಳು ಬೇರೆ ದಾರಿ ಹಿಡಿದವು. ಖೋಖೋ ನೋಡಿ. 1914ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಅದಕ್ಕೆ ನಿಯಮಗಳನ್ನ ರೂಪಿಸಿತು. 1936ರ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದ ತಂಡ ಅಲ್ಲಿ ನಮ್ಮ ದೇಸಿ ಆಟಗಳನ್ನ ಪ್ರದರ್ಶಿಸಿತು. ಕಬಡ್ಡಿ 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಪದಕದ ಕ್ರೀಡೆ ಆಯ್ತು, 2014ರಲ್ಲಿ ಪ್ರೊ ಕಬಡ್ಡಿ ಟಿವಿಗೆ ಬಂತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೀತು. ಭಾರತದ ಪುರುಷರು, ಮಹಿಳೆಯರು ಇಬ್ಬರೂ ಫೈನಲ್‌ನಲ್ಲಿ ನೇಪಾಳವನ್ನ ಸೋಲಿಸಿ ಗೆದ್ದರು. ಆ ತಂಡಗಳಲ್ಲಿ ನಮ್ಮ ಕರ್ನಾಟಕದ ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್ ಇದ್ದರು.

ಇದು ಖುಷಿಯ ವಿಷಯವೇ. ಹಳ್ಳಿ ಮಕ್ಕಳಿಗೆ ಹೆಸರು, ಅವಕಾಶ ಸಿಗೋದು ನಿಯಮ ಬರೆದಾಗಲೇ. ಆದರೆ ಕ್ರೀಡೆ ಆದ ಮೇಲೆ ಜಗಳಕ್ಕೆ ಜಾಗ ಇಲ್ಲ, ಅಂಪೈರ್ ಇರ್ತಾರೆ. ಒಂದು ಟೀಮ್ ಒಂಬತ್ತು ಜನರನ್ನ ಕಣಕ್ಕಿಳಿಸಬೇಕು ಅಂದರೆ ಒಂಬತ್ತೇ. ಅಲ್ಲಿ ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನೋ ತಂಗಿಗೆ ಜಾಗ ಎಲ್ಲಿ? ಹಾಗಾಗಿ ಎರಡೂ ಬೇಕು. ಮ್ಯಾಟ್ ಮೇಲಿನ ಖೋಖೋ ಬೇಕು, ಮಣ್ಣಲ್ಲಿ ಜಗಳವಾಡೋ ಲಗೋರಿಯೂ ಬೇಕು.

ಕೆರೆಯಂಗಳಕ್ಕೆ ಗೇಟು ಬಂತು

ಈಗ ಕಷ್ಟದ ಭಾಗ. ಜಾಗ. ಬೆಂಗಳೂರಿನಲ್ಲಿ ಈ ಕಥೆಯನ್ನ ನಕ್ಷೆ ಮೇಲೆ ತೋರಿಸಬಹುದು. ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆಯ ಜಾಗದಲ್ಲಿ. ಫುಟ್‌ಬಾಲ್ ಸ್ಟೇಡಿಯಂ ಶೂಲೆ ಕೆರೆಯ ಜಾಗದಲ್ಲಿ. ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ನಗರ ಕೆರೆ ಕಳ್ಕೊಂಡ ಕಥೆ ಎಲ್ಲರಿಗೂ ಗೊತ್ತು. ಆದರೆ ಕೆರೆ ಅಂದರೆ ಅದರ ಸುತ್ತಲಿನ ಬಯಲೂ ಹೌದು. ಬೇಸಿಗೆಯಲ್ಲಿ ನೀರು ಸರಿದಾಗ ಸಿಗ್ತಿದ್ದ ಅಂಗಳಕ್ಕೆ ಗೇಟ್ ಇರಲಿಲ್ಲ, ಟಿಕೆಟ್ ಇರಲಿಲ್ಲ, ಟೈಮಿಂಗ್ಸ್ ಇರಲಿಲ್ಲ. ಅದರ ಬದಲು ಆಡೋರನ್ನ ಕೂತು ನೋಡೋ ಸ್ಟೇಡಿಯಂ ಬಂತು.

ಕಾನೂನು ಇಲ್ಲ ಅಂತಲ್ಲ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನ ಉಳಿಸೋಕೆ ಅಂತಾನೇ ಕರ್ನಾಟಕದಲ್ಲಿ 1985ರ ಕಾಯಿದೆ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ ಶಾಲೆ ಅಂದರೆ ಆಟದ ಮೈದಾನ ಇರಲೇಬೇಕು. ಆದರೆ ರಜೆ ಬಂದ ತಕ್ಷಣ ಎಷ್ಟೋ ಶಾಲೆಯ ಗೇಟಿಗೆ ಬೀಗ ಬೀಳುತ್ತೆ. ಮಕ್ಕಳಿಗೆ ಮೈದಾನ ಅತೀ ಹೆಚ್ಚು ಬೇಕಾದ ಏಳು ವಾರ, ಮೈದಾನ ಖಾಲಿ!

ಜಾಗದ ಚಿಂತೆ ಹೊಸದೇನಲ್ಲ. 1938ರಲ್ಲೇ ಆರ್. ಕಲ್ಯಾಣಮ್ಮ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಬಾಲ್ಯದಲ್ಲೇ ವಿಧವೆಯಾದ, 'ಸರಸ್ವತಿ' ಪತ್ರಿಕೆ ನಡೆಸಿದ ಈ ಹೆಣ್ಣುಮಗಳು ಮಕ್ಕಳು ಸೇರೋಕೆ ಅಂತಾನೇ ಒಂದು ಜಾಗ ಬೇಕು ಅಂತ ಹಟ ಹಿಡಿದರು. ಚಾಮರಾಜಪೇಟೆ ಕಡೆ ಇವತ್ತಿಗೂ ಮಕ್ಕಳ ಕೂಟ ಅಂದರೆ ಆಟೋದವರಿಗೆ ಗೊತ್ತು. ಮುಂದೆ ಮೈಸೂರಿನ ರಂಗಾಯಣದ 'ಚಿಣ್ಣರ ಮೇಳ'ದಂಥ ಬೇಸಿಗೆ ಶಿಬಿರಗಳು ಬಂದವು, ಅಲ್ಲಿ ನಾಟಕ, ಹಾಡು, ಮಣ್ಣು ಎಲ್ಲ ಇರುತ್ತೆ. ಇವೆಲ್ಲ ಒಳ್ಳೆಯವೇ. ಆದರೆ ಈಗಿನ ಬಹಳಷ್ಟು ಸಮ್ಮರ್ ಕ್ಯಾಂಪ್‌ಗಳಲ್ಲಿ ಐದರಿಂದ ಏಳು ವರ್ಷದವರದ್ದು ಒಂದು ಬ್ಯಾಚ್, ಎಂಟರಿಂದ ಹತ್ತರವರದ್ದು ಇನ್ನೊಂದು. ಲಗೋರಿಯನ್ನೂ ಕೋಚ್ ಹೇಳಿಕೊಡ್ತಾರೆ, ಸೀಟಿ ಊದ್ತಾರೆ. ಆಟ ಉಳಿಯುತ್ತೆ, ಸರಪಳಿ ಕಡಿಯುತ್ತೆ. ದೊಡ್ಡವನು ಚಿಕ್ಕವನಿಗೆ ಕಲಿಸೋ ಪ್ರಮೇಯವೇ ಬರಲ್ಲ.

ದೊಡ್ಡವರ ಭಯಾನೂ ಸುಳ್ಳಲ್ಲ ಬಿಡಿ. ಚಿನ್ನಿ ಕಣ್ಣಿಗೆ ಬಡಿಯಬಹುದು, ಬೀದಿಯಲ್ಲಿ ಗಾಡಿಗಳು ಯಮನ ಥರ ಬರ್ತವೆ. ಹಿಂದೆ ಎಲ್ಲ ಮಕ್ಕಳಿಗೂ ಬಯಲು ಸಮನಾಗಿ ಸಿಕ್ಕಿತ್ತು ಅಂತಾನೂ ಇಲ್ಲ. ಹುಡುಗರು ಕೆರೆ ಕಡೆ ಓಡ್ತಿದ್ದರೆ ಎಷ್ಟೋ ಹುಡುಗಿಯರು ತಮ್ಮನನ್ನ ಕಂಕುಳಲ್ಲಿ ಇಟ್ಕೊಂಡು ಮನೆ ಮುಂದೆ ಕುಂಟೆಬಿಲ್ಲೆ ಗೆರೆ ಎಳೀಬೇಕಿತ್ತು. ಕರೆದ ತಕ್ಷಣ ಒಳಗೆ ಹೋಗಬೇಕಲ್ಲ! ಹಾಗಾಗಿ "ಹಳೇ ಕಾಲ ವಾಪಸ್ ಬರಲಿ" ಅಂತ ನಾನು ಹೇಳಲ್ಲ. ಆ ಕಾಲದ ಒಂದು ಪದ್ಧತಿ ಮಾತ್ರ ಸಾಕು. ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಒಂದು ಜಾಗ, ಒಂದಷ್ಟು ಹೊತ್ತು, ಮಧ್ಯೆ ಮೂಗು ತೂರಿಸದ ದೊಡ್ಡವರು.

ನಮ್ಮ ವಯಸ್ಸಿನವರು ಇಲ್ಲಿ ಕೊನೆಯ ಕೊಂಡಿ. ನಮಗೆ ಯಾರೋ ಕಲಿಸಿದ್ದಾರೆ, ನಾವಿನ್ನೂ ಯಾರಿಗೂ ಕಲಿಸಿಲ್ಲ. ಅದಕ್ಕೇ ಈ ರಜೆಗೆ ಒಂದು ಕೆಲಸ ಮಾಡಿ. ಅಪಾರ್ಟ್‌ಮೆಂಟ್ ಸೆಲ್ಲಾರ್ ಪಕ್ಕದ ಖಾಲಿ ಜಾಗ ಆದರೂ ಪರವಾಗಿಲ್ಲ, ಏಳು ಚಪ್ಪಟೆ ಕಲ್ಲು, ಒಂದು ರಬ್ಬರ್ ಚೆಂಡು. ಅಕ್ಕನ ಮಗನನ್ನ, ಪಕ್ಕದ ಮನೆ ಹುಡುಗಿಯನ್ನ, ಅವಳ ಪುಟ್ಟ ತಮ್ಮನನ್ನ ಸೇರಿಸಿ ಒಂದೇ ಒಂದು ಸಲ ಆಡಿ ತೋರಿಸಿ. ಆಮೇಲೆ ದೂರ ಹೋಗಿ ಕೂತ್ಕೊಳ್ಳಿ. ಅವರು ಜಗಳ ಶುರು ಮಾಡ್ತಾರೆ. ಮಾಡಲಿ, ನೀವು ಎದ್ದು ಹೋಗಬೇಡಿ. ಹತ್ತು ನಿಮಿಷದಲ್ಲಿ ಅವರದ್ದೇ ಒಂದು ರೂಲ್ಸ್ ಬಂದಿರುತ್ತೆ.

ಹಾಗೇ ಇನ್ನೊಂದು. ಮನೇಲಿ ಅಜ್ಜ ಅಜ್ಜಿ ಇದ್ದರೆ, ಚಿನ್ನಿದಾಂಡಿನಲ್ಲಿ ಹೇಗೆ ಎಣಿಸ್ತಿದ್ದರು ಅಂತ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಆ ಎಣಿಕೆಯಲ್ಲಿ ಯಾವ ಭಾಷೆ ಅಡಗಿ ಕೂತಿದೆಯೋ! ಸಿಕ್ಕರೆ ನನಗೂ ಕಳಿಸಿ, ಮುಂದೊಂದು ಎಪಿಸೋಡ್‌ನಲ್ಲಿ ಎಲ್ಲರೂ ಸೇರಿ ಕೇಳೋಣ. ಅಲ್ಲಿವರೆಗೆ ನಮಸ್ಕಾರ.