ಸೋಡಿಯಂ ಬೆಂಜೋಯೇಟ್: ಉಪ್ಪಿನಕಾಯಿಯಿಂದ ಶಾಂಪೂವರೆಗೆ ಬಳಕೆಯಾಗುವ ಸಂರಕ್ಷಕ

ಸೋಡಿಯಂ ಬೆಂಜೋಯೇಟ್ ಎಂಬುದು ಆಹಾರ ಪದಾರ್ಥ, ಪಾನೀಯ, ಔಷಧಿ ಹಾಗೂ ಸೌಂದರ್ಯವರ್ಧಕಗಳು ಬೇಗ ಕೆಡದಂತೆ ಬಳಸುವ ಸಂರಕ್ಷಕ. ಅಂಗಡಿಯಲ್ಲಿ ಸಿಗುವ ಉಪ್ಪಿನಕಾಯಿ, ಟೊಮೆಟೊ ಕೆಚಪ್, ಹಣ್ಣಿನ ಸ್ಕ್ವಾಷ್, ತಂಪು ಪಾನೀಯ, ಕೆಮ್ಮಿನ ಸಿರಪ್, ಟೂತ್‌ಪೇಸ್ಟ್, ಶಾಂಪೂ ಹೀಗೆ ದಿನಬಳಕೆಯ ಅನೇಕ ವಸ್ತುಗಳಲ್ಲಿ ಇದು ಇರುತ್ತದೆ. ಇದು ಯಾವುದರಿಂದ ತಯಾರಾಗುತ್ತದೆ, ಸಸ್ಯಾಹಾರಿಗಳು ಬಳಸಬಹುದೇ, ಮಕ್ಕಳಿಗೆ ಎಷ್ಟರವರೆಗೆ ಸುರಕ್ಷಿತ ಎಂಬ ಪ್ರಶ್ನೆಗಳು ಎಲ್ಲ ಮನೆಗಳಲ್ಲೂ ಬರುತ್ತವೆ. ಅವುಗಳಿಗೆ ಸಂಬಂಧಿಸಿದ ಮಾಹಿತಿಯನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ.

ಹೆಸರು ಮತ್ತು ಸಂಖ್ಯೆ

ಸೋಡಿಯಂ ಬೆಂಜೋಯೇಟ್ ಬೆಂಜೋಯಿಕ್ ಆಮ್ಲದ ಸೋಡಿಯಂ ಲವಣ. ನೋಡಲು ಬಿಳಿಯ ಪುಡಿ ಅಥವಾ ಸಣ್ಣ ಹರಳು. ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಬೆಂಜೋಯಿಕ್ ಆಮ್ಲ ತಣ್ಣೀರಿನಲ್ಲಿ ಬಹಳ ಕಡಿಮೆ ಕರಗುವುದರಿಂದಲೇ ಅದರ ಬದಲು ಈ ಲವಣವನ್ನು ಬಳಸುವ ರೂಢಿ ಬಂದಿದೆ.

ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದರ ಸಂಖ್ಯೆ 211. ಯುರೋಪಿನ ಲೇಬಲ್‌ಗಳಲ್ಲಿ ಇದೇ ಸಂಖ್ಯೆಯನ್ನು ಇ211 ಎಂದು ಬರೆಯುತ್ತಾರೆ. ಇದರ ಹತ್ತಿರದ ಬಂಧುಗಳೆಂದರೆ 210 ಬೆಂಜೋಯಿಕ್ ಆಮ್ಲ, 212 ಪೊಟ್ಯಾಸಿಯಂ ಬೆಂಜೋಯೇಟ್ ಮತ್ತು 213 ಕ್ಯಾಲ್ಸಿಯಂ ಬೆಂಜೋಯೇಟ್. ನಾಲ್ಕರ ಕೆಲಸವೂ ಒಂದೇ.

ಇತಿಹಾಸ

ಬೆಂಜೋಯಿಕ್ ಆಮ್ಲ ಮೊದಲು ದೊರೆತದ್ದು ಮರದ ಅಂಟಿನಿಂದ. ಸುಮಾತ್ರಾ, ಸಯಾಮ್ ಕಡೆ ಬೆಳೆಯುವ ಸ್ಟೈರಾಕ್ಸ್ ಜಾತಿಯ ಮರಗಳ ಅಂಟನ್ನು ನಮ್ಮಲ್ಲಿ ಲೋಬಾನ, ಸಾಂಬ್ರಾಣಿ ಎಂದು ಕರೆದು ಧೂಪಕ್ಕೆ ಬಳಸುತ್ತಾರೆ. ಅರಬ್ಬರು ಇದನ್ನು ಜಾವಾದ ಲೋಬಾನ ಎಂಬ ಅರ್ಥದಲ್ಲಿ ಲುಬಾನ್ ಜಾವಿ ಎಂದರು. ಆ ಮಾತೇ ಯುರೋಪಿನ ಬಾಯಲ್ಲಿ ಬದಲಾಗುತ್ತಾ ಬೆಂಜೋಯಿನ್ ಆಯಿತು. 16ನೇ ಶತಮಾನದಲ್ಲೇ ಈ ಅಂಟನ್ನು ಕಾಯಿಸಿ ಆಮ್ಲ ತೆಗೆಯುವ ವಿಧಾನ ಗೊತ್ತಿತ್ತು. 1832ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿಗಳಾದ ಲೀಬಿಗ್ ಮತ್ತು ವೋಲರ್ ಇದರ ರಚನೆಯ ಲೆಕ್ಕ ಕಂಡುಹಿಡಿದರು. 1875ರಲ್ಲಿ ಸಾಲ್ಕೋವ್ಸ್ಕಿ ಎಂಬ ವಿಜ್ಞಾನಿ ಬೂಷ್ಟು ತಡೆಯುವ ಇದರ ಗುಣವನ್ನು ತೋರಿಸಿದರು. ಅಲ್ಲಿಂದ ಮುಂದೆ ಆಹಾರ ಉದ್ಯಮ ಇದನ್ನು ಕೈಗೆತ್ತಿಕೊಂಡಿತು.

ಇದರ ಬಗ್ಗೆ ದೊಡ್ಡ ವಿವಾದ ನಡೆದದ್ದು ಅಮೆರಿಕದಲ್ಲಿ. 1902ರಲ್ಲಿ ಅಲ್ಲಿನ ಕೃಷಿ ಇಲಾಖೆಯ ಮುಖ್ಯ ರಸಾಯನ ತಜ್ಞ ಹಾರ್ವೆ ವೈಲಿ, ಸ್ವಯಂಸೇವಕ ಯುವಕರಿಗೆ ಸಂರಕ್ಷಕ ಬೆರೆಸಿದ ಊಟ ಕೊಟ್ಟು ಪರೀಕ್ಷಿಸಲು ಆರಂಭಿಸಿದರು. ಪತ್ರಿಕೆಗಳು ಆ ತಂಡಕ್ಕೆ ವಿಷದ ಪಡೆ ಎಂದು ಹೆಸರಿಟ್ಟವು. ಬೆಂಜೋಯೇಟ್ ಬೇಡವೆಂಬುದು ವೈಲಿಯವರ ನಿಲುವು. ಕೆಚಪ್ ತಯಾರಕರಲ್ಲಿ ಹೈಂಜ್ ಕಂಪನಿ ಅವರ ಪರ ನಿಂತು, ಸಂರಕ್ಷಕವಿಲ್ಲದೆ ಹೆಚ್ಚು ಸಕ್ಕರೆ, ವಿನೆಗರ್ ಹಾಕಿ ಕೆಚಪ್ ಮಾಡಿ ಮಾರಿತು. ಬೇರೆ ತಯಾರಕರು ವಿರೋಧಿಸಿದರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ನೇಮಿಸಿದ ರೆಮ್ಸನ್ ನೇತೃತ್ವದ ತಜ್ಞರ ಮಂಡಳಿ 1909ರಲ್ಲಿ, ಸಣ್ಣ ಪ್ರಮಾಣದಲ್ಲಿ ಇದು ಹಾನಿಕರವಲ್ಲ ಎಂದು ವರದಿ ಕೊಟ್ಟಿತು. ಇಂದಿಗೂ ಅಮೆರಿಕದಲ್ಲಿ ಆಹಾರದ ತೂಕದ ಶೇ. 0.1ರವರೆಗೆ ಇದಕ್ಕೆ ಅನುಮತಿ ಇದೆ.

ತಯಾರಿಕೆ: ಇದು ಪ್ರಾಣಿಜನ್ಯವೇ?

ಇಂದು ಕಾರ್ಖಾನೆಗಳಲ್ಲಿ ತಯಾರಾಗುವ ಸೋಡಿಯಂ ಬೆಂಜೋಯೇಟ್‌ನ ಮೂಲ ಪೆಟ್ರೋಲಿಯಂ. ಪೆಟ್ರೋಲಿಯಂನಿಂದ ಬರುವ ಟಾಲ್ವಿನ್ ಎಂಬ ದ್ರವವನ್ನು ಕೋಬಾಲ್ಟ್ ವೇಗವರ್ಧಕದ ನೆರವಿನಿಂದ ಗಾಳಿಯ ಆಮ್ಲಜನಕದ ಜೊತೆ ಸೇರಿಸಿದಾಗ ಬೆಂಜೋಯಿಕ್ ಆಮ್ಲ ಸಿಗುತ್ತದೆ. ಅದಕ್ಕೆ ಕಾಸ್ಟಿಕ್ ಸೋಡಾ ಸೇರಿಸಿದರೆ ಸೋಡಿಯಂ ಬೆಂಜೋಯೇಟ್ ಆಗುತ್ತದೆ. ಈ ವಿಧಾನದಲ್ಲಿ ಪ್ರಾಣಿಯ ಕೊಬ್ಬು, ಮೂಳೆ, ಮೊಟ್ಟೆ ಯಾವುದೂ ಬರುವುದಿಲ್ಲ.

ಆದರೂ ಈ ಪ್ರಶ್ನೆಗೆ ಒಂದು ಹಳೆಯ ಕಾರಣವಿದೆ. 19ನೇ ಶತಮಾನದಲ್ಲಿ ದನ, ಕುದುರೆಗಳ ಮೂತ್ರದಲ್ಲಿರುವ ಹಿಪ್ಯೂರಿಕ್ ಆಮ್ಲದಿಂದಲೂ ಬೆಂಜೋಯಿಕ್ ಆಮ್ಲ ತೆಗೆಯುತ್ತಿದ್ದರು. ಟಾಲ್ವಿನ್ ವಿಧಾನ ಅದಕ್ಕಿಂತ ಬಹಳ ಅಗ್ಗವಾದ್ದರಿಂದ ಇಂದಿನ ವ್ಯಾಪಾರದಲ್ಲಿ ಅದಕ್ಕೆ ಸ್ಥಾನವಿಲ್ಲ.

ಬೆಂಜೋಯಿಕ್ ಆಮ್ಲ ಪ್ರಕೃತಿಯಲ್ಲೂ ಇದೆ. ಲವಂಗ, ದಾಲ್ಚಿನ್ನಿ, ಒಣಗಿಸಿದ ಪ್ಲಮ್, ಕ್ರ್ಯಾನ್‌ಬೆರಿ ಹಣ್ಣುಗಳಲ್ಲಿ ಅಲ್ಪ ಪ್ರಮಾಣದಲ್ಲಿ ಸಿಗುತ್ತದೆ. ಹಾಲು ಮೊಸರಾಗುವಾಗಲೂ ಸ್ವಲ್ಪ ಹುಟ್ಟುತ್ತದೆ.

ಕೆಲಸ ಮಾಡುವ ಬಗೆ

ಈ ಸಂರಕ್ಷಕ ಹುಳಿ ಇರುವ ಪದಾರ್ಥಗಳಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಹುಳಿಯ ಅಳತೆಯಾದ ಪಿಎಚ್ ಸುಮಾರು 4.5ಕ್ಕಿಂತ ಕೆಳಗಿರಬೇಕು. ಆಗ ಬೆಂಜೋಯೇಟ್ ಮತ್ತೆ ಬೆಂಜೋಯಿಕ್ ಆಮ್ಲವಾಗಿ ಯೀಸ್ಟ್, ಬೂಷ್ಟು ಮತ್ತು ಕೆಲವು ಬ್ಯಾಕ್ಟೀರಿಯಾಗಳ ಕೋಶದೊಳಗೆ ಹೋಗುತ್ತದೆ. ಕೋಶದ ಒಳಭಾಗ ಹುಳಿಯಾಗಿ, ಸಕ್ಕರೆಯಿಂದ ಶಕ್ತಿ ಪಡೆಯುವ ಕೆಲಸ ನಿಂತು, ಅವುಗಳ ಬೆಳವಣಿಗೆ ತಡೆಯಲ್ಪಡುತ್ತದೆ.

ಆದ್ದರಿಂದ ನಿಂಬೆ, ಮಾವು, ಹುಣಸೆ, ಟೊಮೆಟೊ ಪದಾರ್ಥಗಳಿಗೆ ಇದು ಸರಿ. ಹಾಲು, ಪನೀರ್, ಬೇಳೆ, ಬೇಯಿಸಿದ ತರಕಾರಿಯಂಥ ಹುಳಿಯಿಲ್ಲದ ಪದಾರ್ಥಗಳಿಗೆ ಹಾಕಿದರೆ ಉಪಯೋಗವಿಲ್ಲ. ಆಗಲೇ ಕೆಡಲು ಆರಂಭಿಸಿದ ಪದಾರ್ಥವನ್ನು ಇದು ಸರಿಪಡಿಸುವುದೂ ಇಲ್ಲ.

ಭಾರತದಲ್ಲಿ ನಿಯಮ

ಭಾರತದ ಆಹಾರ ಕಾನೂನು ಸಂರಕ್ಷಕಗಳನ್ನು ಎರಡು ವರ್ಗ ಮಾಡಿದೆ. ಉಪ್ಪು, ಸಕ್ಕರೆ, ಮಸಾಲೆ, ವಿನೆಗರ್, ಜೇನು, ಅಡುಗೆ ಎಣ್ಣೆ ಮೊದಲನೆಯ ವರ್ಗ. ಬೆಂಜೋಯಿಕ್ ಆಮ್ಲ, ಗಂಧಕದ ಲವಣಗಳು, ಸೋರ್ಬಿಕ್ ಆಮ್ಲ ಮುಂತಾದವು ಎರಡನೆಯ ವರ್ಗ. ಇವನ್ನು ನಿಗದಿತ ಪದಾರ್ಥಗಳಿಗೆ, ನಿಗದಿತ ಮಿತಿಯೊಳಗೆ ಮಾತ್ರ ಹಾಕಬಹುದು.

ದಶಕಗಳಿಂದ ಪಾಲಿಸಿಕೊಂಡು ಬಂದ ಮಿತಿಗಳು, ಒಂದು ಕಿಲೋಗೆ ಬೆಂಜೋಯಿಕ್ ಆಮ್ಲದ ಲೆಕ್ಕದಲ್ಲಿ, ಹೀಗಿವೆ:

ಉಪ್ಪಿನಕಾಯಿ ಮತ್ತು ಚಟ್ನಿ: 250 ಮಿಲಿಗ್ರಾಂ
ಜಾಮ್: 200 ಮಿಲಿಗ್ರಾಂ
ಟೊಮೆಟೊ ಮತ್ತಿತರ ಸಾಸ್: 750 ಮಿಲಿಗ್ರಾಂ
ಸ್ಕ್ವಾಷ್ ಮತ್ತು ಹಣ್ಣಿನ ಸಿರಪ್: 600 ಮಿಲಿಗ್ರಾಂ
ನೇರವಾಗಿ ಕುಡಿಯುವ ಹಣ್ಣಿನ ಪಾನೀಯ: 120 ಮಿಲಿಗ್ರಾಂ

ನಿಯಮಗಳಿಗೆ ಕಾಲಕಾಲಕ್ಕೆ ತಿದ್ದುಪಡಿ ಆಗುವುದರಿಂದ ಮಾರಾಟಕ್ಕೆ ತಯಾರಿಸುವವರು ಆಹಾರ ಸುರಕ್ಷತಾ ಪ್ರಾಧಿಕಾರದ ಜಾರಿಯಲ್ಲಿರುವ ಪಟ್ಟಿಯನ್ನೇ ನೋಡಿಕೊಳ್ಳಬೇಕು.

ದೇಹದಲ್ಲಿ ಏನಾಗುತ್ತದೆ?

ಹೊಟ್ಟೆಗೆ ಹೋದ ಬೆಂಜೋಯೇಟ್ ಯಕೃತ್ತಿನಲ್ಲಿ ಗ್ಲೈಸಿನ್ ಜೊತೆ ಸೇರಿ ಹಿಪ್ಯೂರಿಕ್ ಆಮ್ಲವಾಗುತ್ತದೆ. ಹೆಚ್ಚಿನ ಭಾಗ ಒಂದು ದಿನದೊಳಗೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ದೇಹದಲ್ಲಿ ಶೇಖರವಾಗಿ ಉಳಿಯುವುದಿಲ್ಲ. ಇದೇ ಗುಣದಿಂದಾಗಿ, ರಕ್ತದಲ್ಲಿ ಅಮೋನಿಯಾ ಏರುವ ಕೆಲವು ಹುಟ್ಟು ಕಾಯಿಲೆಗಳಲ್ಲಿ ವೈದ್ಯರು ಇದನ್ನು ಔಷಧಿಯಾಗಿಯೂ ಕೊಡುತ್ತಾರೆ.

ಜೀವಮಾನವಿಡೀ ದಿನವೂ ಸೇವಿಸಿದರೂ ತೊಂದರೆಯಿಲ್ಲ ಎಂದು ತಜ್ಞರು ಹೇಳುವ ಪ್ರಮಾಣ ದೇಹದ ಒಂದು ಕಿಲೋ ತೂಕಕ್ಕೆ 5 ಮಿಲಿಗ್ರಾಂ ಎಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಆಹಾರ ಸಂಸ್ಥೆಯ ಜಂಟಿ ಸಮಿತಿ 2021ರಲ್ಲಿ ಇದನ್ನು 20 ಮಿಲಿಗ್ರಾಂಗೆ ಏರಿಸಿತು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರ ಪರಿಶೀಲನೆಯಲ್ಲಿ 5 ಮಿಲಿಗ್ರಾಂ ಅನ್ನೇ ಉಳಿಸಿಕೊಂಡಿತ್ತು.

ಚಿಕ್ಕ ಅಂಕಿಯನ್ನೇ ಹಿಡಿದು ಲೆಕ್ಕ ಹಾಕಿದರೆ, 60 ಕಿಲೋ ತೂಕದವರಿಗೆ ದಿನಕ್ಕೆ 300 ಮಿಲಿಗ್ರಾಂ, 20 ಕಿಲೋ ತೂಕದ ಮಗುವಿಗೆ 100 ಮಿಲಿಗ್ರಾಂ. ಗರಿಷ್ಠ ಮಿತಿಯವರೆಗೆ ಸಂರಕ್ಷಕ ಹಾಕಿದ್ದಾರೆಂದು ಭಾವಿಸಿದರೆ 10 ಗ್ರಾಂ ಉಪ್ಪಿನಕಾಯಿಯಲ್ಲಿ 2.5 ಮಿಲಿಗ್ರಾಂ, 20 ಗ್ರಾಂ ಕೆಚಪ್‌ನಲ್ಲಿ 15 ಮಿಲಿಗ್ರಾಂ, 50 ಮಿಲಿ ಸ್ಕ್ವಾಷ್ ಬೆರೆಸಿದ ಒಂದು ಲೋಟ ಶರಬತ್ತಿನಲ್ಲಿ 30 ಮಿಲಿಗ್ರಾಂ, 250 ಮಿಲಿ ಹಣ್ಣಿನ ಪಾನೀಯದಲ್ಲಿ 30 ಮಿಲಿಗ್ರಾಂ ಇರುತ್ತದೆ.

ಊಟದ ಜೊತೆಯ ಉಪ್ಪಿನಕಾಯಿಯಿಂದ ಯಾರೂ ಈ ಮಿತಿ ದಾಟುವುದಿಲ್ಲ. ಆದರೆ ಬೇಸಿಗೆ ರಜೆಯಲ್ಲಿ ಮಗು ಎರಡು ಲೋಟ ಶರಬತ್ತು, ಒಂದು ಬಾಟಲಿ ಪಾನೀಯ, ತಿಂಡಿಯ ಜೊತೆ ಎರಡು ಸಲ ಕೆಚಪ್ ತೆಗೆದುಕೊಂಡರೆ ಒಟ್ಟು 120 ಮಿಲಿಗ್ರಾಂ ಆಯಿತು. ಒಂದು ದಿನ ಹೀಗಾದರೆ ಗಾಬರಿ ಬೇಕಿಲ್ಲ. ದಿನವೂ ಆಗದಂತೆ ನೋಡಿಕೊಳ್ಳುವುದು ಹಿರಿಯರ ಕೆಲಸ.

ಎಚ್ಚರಿಕೆ ಬೇಕಾದ ಸಂದರ್ಭಗಳು

ಬೆಂಜೋಯೇಟ್ ಮತ್ತು ವಿಟಮಿನ್ ಸಿ ಎರಡೂ ಇರುವ ಪಾನೀಯ ಬಿಸಿಲು, ಶಾಖಕ್ಕೆ ಸಿಕ್ಕರೆ ಅತ್ಯಲ್ಪ ಪ್ರಮಾಣದ ಬೆಂಜೀನ್ ಹುಟ್ಟಬಹುದು. ಬೆಂಜೀನ್ ಕ್ಯಾನ್ಸರ್‌ಕಾರಕ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2005ರ ನಂತರ ಸುಮಾರು 200 ಪಾನೀಯಗಳನ್ನು ಪರೀಕ್ಷಿಸಿದಾಗ 10ರಲ್ಲಿ ಅದು ಕುಡಿಯುವ ನೀರಿನ ಮಿತಿಗಿಂತ ಹೆಚ್ಚು ಕಂಡಿತು. ತಯಾರಕರು ನಂತರ ಮಿಶ್ರಣ ಬದಲಿಸಿದರು. ಅಂಗಡಿಯ ಮುಂದೆ ಬಿಸಿಲಿನಲ್ಲಿ ಜೋಡಿಸಿಟ್ಟ ಪಾನೀಯದ ಬಾಟಲಿ ಕೊಳ್ಳದಿರುವುದು ಒಳ್ಳೆಯದು. ವ್ಯಾಪಾರಿಗಳೂ ಇವನ್ನು ನೆರಳಿನಲ್ಲೇ ಇಡಬೇಕು.

2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು, ಕೃತಕ ಬಣ್ಣಗಳು ಮತ್ತು ಸೋಡಿಯಂ ಬೆಂಜೋಯೇಟ್ ಸೇರಿದ ಪಾನೀಯ ಕುಡಿದ ಕೆಲವು ಮಕ್ಕಳಲ್ಲಿ ಚಂಚಲತೆ ಹೆಚ್ಚಾದುದನ್ನು ವರದಿ ಮಾಡಿದರು. ಎರಡನ್ನೂ ಒಟ್ಟಿಗೆ ಕೊಟ್ಟದ್ದರಿಂದ ಕಾರಣ ಬಣ್ಣವೋ ಸಂರಕ್ಷಕವೋ ಎಂದು ಬೇರ್ಪಡಿಸಿ ಹೇಳಲು ಆ ಪರೀಕ್ಷೆಯಿಂದ ಸಾಧ್ಯವಿಲ್ಲ.

ಕೆಲವರಿಗೆ ಇದರಿಂದ ಚರ್ಮದಲ್ಲಿ ಗಂಧೆ ಏಳುವುದು, ಉಬ್ಬಸ ಕೆರಳುವುದು ಉಂಟು. ಬೆಕ್ಕುಗಳ ದೇಹಕ್ಕೆ ಬೆಂಜೋಯೇಟ್ ಹೊರಹಾಕುವ ಶಕ್ತಿ ಕಡಿಮೆ. ಆದ್ದರಿಂದ ಸಂರಕ್ಷಕ ಹಾಕಿದ ಪದಾರ್ಥಗಳನ್ನು ಬೆಕ್ಕುಗಳಿಗೆ ಹಾಕಬಾರದು.

ಶಾಂಪೂ, ಕ್ರೀಮ್‌ಗಳಲ್ಲಿ

ನೀರಿನಂಶವಿರುವ ಸೌಂದರ್ಯವರ್ಧಕಗಳಲ್ಲೂ ಬೂಷ್ಟು ಬೆಳೆಯುತ್ತದೆ. ಯುರೋಪಿನ ನಿಯಮದಂತೆ ತೊಳೆದು ಹಾಕುವ ಶಾಂಪೂ, ಸಾಬೂನು ದ್ರವಗಳಲ್ಲಿ ಆಮ್ಲದ ಲೆಕ್ಕದಲ್ಲಿ ಶೇ. 2.5, ಬಾಯಿ ಶುದ್ಧಿಯ ವಸ್ತುಗಳಲ್ಲಿ ಶೇ. 1.7, ಮೈಗೆ ಹಚ್ಚಿ ಬಿಡುವ ಕ್ರೀಮ್‌ಗಳಲ್ಲಿ ಶೇ. 0.5 ಮಿತಿ ಇದೆ. ಕ್ರೀಮ್‌ನಲ್ಲಿ ಪ್ರಾಣಿಜನ್ಯ ವಸ್ತು ಇದೆಯೇ ಎಂಬುದು ಸಂರಕ್ಷಕದಿಂದ ತೀರ್ಮಾನವಾಗುವುದಿಲ್ಲ. ಗ್ಲಿಸರಿನ್, ಸ್ಟಿಯರಿಕ್ ಆಮ್ಲ, ಮೇಣಗಳ ಮೂಲ ವಿಚಾರಿಸಬೇಕು.

ಮನೆಯಲ್ಲಿ ತಯಾರಿಸಿ ಮಾರುವವರಿಗೆ

ಉಪ್ಪಿನಕಾಯಿ, ಶರಬತ್ತು ಮಾಡಿ ಮಾರುವ ಮಹಿಳಾ ಸಂಘಗಳು, ಮನೆ ಉದ್ಯಮದವರು ತೂಕದಲ್ಲಿ ತಪ್ಪಬಾರದು. ಮಿತಿ ಇರುವುದು ಬೆಂಜೋಯಿಕ್ ಆಮ್ಲದ ಲೆಕ್ಕದಲ್ಲಿ, ಹಾಕುವುದು ಸೋಡಿಯಂ ಬೆಂಜೋಯೇಟ್. ಆಮ್ಲದ ತೂಕವನ್ನು 1.18ರಿಂದ ಗುಣಿಸಿದರೆ ಲವಣದ ತೂಕ ಬರುತ್ತದೆ. 20 ಕಿಲೋ ಉಪ್ಪಿನಕಾಯಿಗೆ ಗರಿಷ್ಠ 5.9 ಗ್ರಾಂ, 10 ಕಿಲೋ ಸ್ಕ್ವಾಷ್‌ಗೆ ಗರಿಷ್ಠ 7.1 ಗ್ರಾಂ. ಕಿಲೋಗೆ ಒಂದು ಟೀ ಚಮಚ ಎಂದು ಅಂದಾಜಿನಲ್ಲಿ ಹಾಕಿದರೆ ಅದು ಮಿತಿಗಿಂತ ಹಲವು ಪಟ್ಟು ಹೆಚ್ಚಾಗುತ್ತದೆ. ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಬೇಕು. ಪುಡಿಯನ್ನು ಮೊದಲು ಸ್ವಲ್ಪ ಬಿಸಿ ನೀರಿನಲ್ಲಿ ಕರಗಿಸಿ, ಕೊನೆಗೆ ಬೆರೆಸಿ ಚೆನ್ನಾಗಿ ಕಲಸಬೇಕು.

ದ್ರಾಕ್ಷಿ, ನೇರಳೆ, ಪುನರ್ಪುಳಿಯಂಥ ಬಣ್ಣದ ಹಣ್ಣುಗಳಿಗೆ ಬೆಂಜೋಯೇಟ್ ಹೊಂದುತ್ತದೆ. ಗಂಧಕದ ಲವಣ ಹಾಕಿದರೆ ಬಣ್ಣ ಮಾಸುತ್ತದೆ.

ಹಸಿರು ಚುಕ್ಕೆ ಮತ್ತು ಮರ್ಯಾದೆ

211 ಇದ್ದ ಮಾತ್ರಕ್ಕೆ ಪದಾರ್ಥ ಮಾಂಸಾಹಾರ ಆಗುವುದಿಲ್ಲ. ಹಾಗೆಯೇ ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಅದು ಜೈನ ಆಹಾರವೂ ಆಗುವುದಿಲ್ಲ. ಕಾನೂನಿನ ಪ್ರಕಾರ ಹಾಲು ಮಾತ್ರವಲ್ಲ, ಜೇನು, ಜೇನುಮೇಣ, ಅರಗಿನ ಲೇಪ ಇರುವ ಪದಾರ್ಥಗಳಿಗೂ ಹಸಿರು ಚುಕ್ಕೆ ಬರುತ್ತದೆ. ಬೆಳ್ಳುಳ್ಳಿ, ಈರುಳ್ಳಿ, ಗೆಡ್ಡೆಗಳಿಗೂ ಅದೇ ಚುಕ್ಕೆ.

ಇನ್ನೊಂದು ವಿಷಯ ಕಾಲದ್ದು. ಹಿಟ್ಟಿಗೆ ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನ ಎಂಬಂತೆ ಪದಾರ್ಥಗಳಿಗೆ ಹಿರಿಯರು ಮರ್ಯಾದೆ ಹಾಕಿಕೊಟ್ಟಿದ್ದಾರೆ. ಬಾಟಲಿಯ ಮೇಲಿನ ತಾರೀಖು ಕಾನೂನಿನ ಲೆಕ್ಕ. ಅದು ವ್ರತದ ಲೆಕ್ಕವಲ್ಲ. ಸಂರಕ್ಷಕ ಹಾಕಿದ್ದಾರೆಂದು ಮರ್ಯಾದೆ ಮುಂದಕ್ಕೆ ಹೋಗುವುದಿಲ್ಲ. ವ್ರತ ಪಾಲಿಸುವವರಿಗೆ ಬಡಿಸುವಾಗ ಆಯಾ ದಿನ ಮಾಡಿದ ನಿಂಬೆ ರಸ, ತಾಜಾ ಚಟ್ನಿಯೇ ಸರಿ.

ಲೇಬಲ್ ಓದುವಾಗ

ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ ಪ್ರಿಸರ್ವೇಟಿವ್ ಎಂಬ ಪದದ ಜೊತೆ 210ರಿಂದ 213ರವರೆಗಿನ ಸಂಖ್ಯೆ ಇದ್ದರೆ ಬೆಂಜೋಯೇಟ್ ಇದೆ ಎಂದು ತಿಳಿಯಬೇಕು. ಅದೇ ಪಟ್ಟಿಯಲ್ಲಿ 300 ಇದ್ದರೆ ವಿಟಮಿನ್ ಸಿ ಸೇರಿದೆ ಎಂದರ್ಥ. ಅಂಥ ಪಾನೀಯವನ್ನು ಬಿಸಿಲಿನಲ್ಲಿ, ಕಾರಿನೊಳಗೆ ಇಡಬಾರದು. ಮನೆಯಲ್ಲಿ ಉಬ್ಬಸ, ಗಂಧೆಯ ತೊಂದರೆ ಇರುವವರಿದ್ದರೆ ಯಾವ ದಿನ ಏನು ತಿಂದಾಗ ತೊಂದರೆ ಬಂತು ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಬೇಕು.