ಸಾಣೆಕಲ್ಲು, ಕಣ್ಣು, ಹೊಕ್ಕುಳು: ಪುಣೆಯ ಮನೆಗಳಲ್ಲಿ ಎದೆಹಾಲಿನ ಮದ್ದು

ಎದೆಹಾಲಿನ ಮನೆಮದ್ದಿನ ಬಗ್ಗೆ ಬರೆಯುವವರು ಅದರ ಎಲ್ಲ ಬಳಕೆಗಳನ್ನೂ ಒಟ್ಟಿಗೆ ಹೊಗಳುತ್ತಾರೆ, ಇಲ್ಲವೇ ಮೂಢನಂಬಿಕೆ ಎಂದು ಒಟ್ಟಿಗೇ ತಳ್ಳಿಹಾಕುತ್ತಾರೆ. ಪುಣೆಯ ಮರಾಠಿ ಮನೆಗಳಲ್ಲೂ, ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಬಂದು ಅಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲೂ ಈ ಹಾಲು ಕೆಲವು ಸಲ ತಾನೇ ಮದ್ದು, ಕೆಲವು ಸಲ ಮದ್ದನ್ನು ಬೆರೆಸಿ ಕೊಡುವ ಅನುಪಾನ ಮಾತ್ರ. ಈ ಭೇದ ಮಾಡದೆ ಕೊಟ್ಟ ತೀರ್ಪಿನಿಂದ ಬಾಣಂತಿಗಾಗಲಿ ಕೂಸಿಗಾಗಲಿ ಪ್ರಯೋಜನವಿಲ್ಲ ಎಂಬುದು ನನ್ನ ವಾದ.

ಅನುಪಾನದ ಬಳಕೆ ಸ್ಪಷ್ಟವಾಗಿ ಕಾಣುವುದು ಕೂಸಿಗೆ ನೆಕ್ಕಿಸುವ ಮೂಲಿಕೆಗಳ ತೇಯ್ದ ಮದ್ದಾದ ಬಾಳಗುಟಿಯಲ್ಲಿ. ಸಾಣೆಕಲ್ಲಿನ ಮೇಲೆ ತಾಯಿಯ ಹಾಲಿನ ಕೆಲವು ಹನಿ ಹಾಕಿ ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ, ಒಣಶುಂಠಿ, ಅರಿಸಿನಕೊಂಬು, ಉತ್ತತ್ತಿ, ಬಾದಾಮಿಗಳನ್ನು ಒಂದೊಂದಾಗಿ ತೇಯುತ್ತಾರೆ. ಇಲ್ಲಿ ಚಮಚದ ಲೆಕ್ಕವಿಲ್ಲ, ಕಲ್ಲಿನ ಮೇಲೆ ತೇಯುವ ಸುತ್ತಿನ ಲೆಕ್ಕ. ಕೂಸಿಗೆ ಹೊಟ್ಟೆ ಕಟ್ಟಿದರೆ ಅಳಲೆಕಾಯಿಯ ಸುತ್ತು ಹೆಚ್ಚುತ್ತದೆ, ಭೇದಿಯಾದರೆ ಮಾಚಿಕಾಯಿಯದು. ಅಜ್ಜಿಯರ ಕೈಯಳತೆಯ ಈ ವಿವೇಚನೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಜಾಯಿಕಾಯಿ ಒಂದಿಷ್ಟು ಹೆಚ್ಚಾದರೂ ಎಳೆಗೂಸಿಗೆ ಮಂಪರು ಬರಬಹುದು. ಬಜೆಯಲ್ಲಿರುವ ಬೀಟಾ-ಅಸರೋನ್ ವಿಷಕಾರಿ ಅಂಶ. ಸರಿಯಾಗಿ ತೊಳೆದು ಒಣಗಿಸದ ಕಲ್ಲಿನಲ್ಲಿ ರೋಗಾಣು ಬೆಳೆಯುತ್ತದೆ. ಮೊದಲ ಆರು ತಿಂಗಳು ಎದೆಹಾಲಿನ ಹೊರತು ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಇಂಥ ಸೋಂಕಿನ ಭಯವೂ ಒಂದು ಕಾರಣ. ಗುಟಿಯಿಂದ ತೊಂದರೆಯಾದಾಗ ನೋಡಬೇಕಾದದ್ದು ಕಲ್ಲನ್ನೂ ಮೂಲಿಕೆಯನ್ನೂ. ಹಾಲಿನ ಮೇಲೆ ಆ ತಪ್ಪು ಹೊರಿಸಬಾರದು.

ಹಾಲೇ ಮದ್ದಾಗುವುದು ಕಣ್ಣಿನ ವಿಷಯದಲ್ಲಿ. ಚರಕಸಂಹಿತೆ ಎಂಟು ಬಗೆಯ ಹಾಲುಗಳಲ್ಲಿ ಮಾನುಷ ಹಾಲನ್ನೂ ಎಣಿಸಿ, ರಕ್ತಪಿತ್ತದಲ್ಲಿ (ರಕ್ತ ಸೋರುವ ರೋಗದಲ್ಲಿ) ನಸ್ಯಕ್ಕೂ, ಅಂದರೆ ಮೂಗಿಗೆ ಬಿಡಲೂ, ಕಣ್ಣುನೋವಿನಲ್ಲಿ ತರ್ಪಣಕ್ಕೂ, ಅಂದರೆ ಕಣ್ಣಿಗೆ ತುಂಬಲೂ ಅದನ್ನು ಹೇಳುತ್ತದೆ. ಸುಶ್ರುತಸಂಹಿತೆಯಲ್ಲೂ ಇದಕ್ಕೆ ಹತ್ತಿರದ ಮಾತಿದೆ. ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ವೈದ್ಯಗ್ರಂಥ ಎಬರ್ಸ್ ಪಪೈರಸ್ ಗಂಡು ಹೆತ್ತವಳ ಹಾಲನ್ನೇ ಕೇಳುತ್ತದೆ. ಈ ನಂಬಿಕೆಗೆ ಆಧಾರವೂ ಇದೆ: ಎದೆಹಾಲಿನಲ್ಲಿ ರೋಗಾಣು ತಡೆಯುವ ಐಜಿಎ ಪ್ರತಿಕಾಯ, ಲ್ಯಾಕ್ಟೋಫೆರಿನ್, ಲೈಸೋಜೈಮ್ ಇವೆ.  1982ರಲ್ಲಿ ಪ್ರಕಟವಾದ ದೆಹಲಿಯ ವೈದ್ಯರ ಅಧ್ಯಯನದಲ್ಲಿ ಕಣ್ಣಿಗೆ ತಾಯಿಯ ಗಿಣ್ಣುಹಾಲು ಹಾಕಿದ ನವಜಾತ ಶಿಶುಗಳಲ್ಲಿ ಕಣ್ಣು ಅಂಟುವುದು ಕಡಿಮೆಯಾಗಿತ್ತು. ಪ್ರತಿಕಾಯ ಅತಿ ಹೆಚ್ಚಾಗಿರುವ ಈ ಗಿಣ್ಣುಹಾಲನ್ನೇ ಅನೇಕ ಮನೆಗಳಲ್ಲಿ ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದರು ಎಂಬುದು ನೋವಿನ ಸಂಗತಿ.

ಇಷ್ಟಾದರೂ ಕಣ್ಣು ವಾಸಿಯಾದುದು ಹಾಲಿನಿಂದಲೇ ಎಂದು ಹೇಳುವುದು ಕಷ್ಟ. 2023ರ ಜುಲೈಯಲ್ಲಿ ಪುಣೆ ಬಳಿಯ ಆಳಂದಿಯಲ್ಲಿ ಕಣ್ಣುಬೇನೆ ಊರಿಗೆ ಊರೇ ಹಬ್ಬಿತ್ತು. ವೈರಸ್ಸಿನ ಕಣ್ಣುಬೇನೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಆ ದಿನಗಳಲ್ಲಿ ಏನು ಬಿಟ್ಟಿದ್ದರೂ ಗುಣದ ಕೀರ್ತಿ ಅದಕ್ಕೇ. ಕೂಸಿನ ಕಣ್ಣೀರಿನ ನಾಳ ಕಟ್ಟಿ ಪಿಸುರು ಬರುವುದೂ ಬಹುಪಾಲು ವರ್ಷದೊಳಗೆ ಸರಿಹೋಗುತ್ತದೆ. ಕಬ್ಬಿನ ಗರಿ ತಾಗಿದ ಕಣ್ಣಿನ ಕಥೆಯೇ ಬೇರೆ. ಅಲ್ಲಿ ಶಿಲೀಂಧ್ರ ಸೇರಿ ಕಾರ್ನಿಯಾ ಹುಣ್ಣಾಗಬಹುದು. ಹಾಲು ಹಿಂಡುತ್ತಾ ಕಳೆದ ನಾಲ್ಕು ದಿನದಲ್ಲಿ ದೃಷ್ಟಿಯೇ ಹೋಗಬಹುದು. ಹುಟ್ಟಿದ ವಾರದೊಳಗೆ ಕೀವು ಸುರಿಸುವ ಕಣ್ಣಿಗೂ ತಡಮಾಡದೆ ವೈದ್ಯರೇ ಬೇಕು.

ಹೊಕ್ಕುಳಬಳ್ಳಿಗೆ ಹಾಲು ಸವರಿದರೆ ಬೇಗ ಉದುರುತ್ತದೆ ಎಂದು ಟರ್ಕಿ, ಇರಾನ್‌ಗಳ ಅಧ್ಯಯನಗಳು ಹೇಳುತ್ತವೆ. ಆದರೆ ಸ್ವಚ್ಛವಾದ ಹೆರಿಗೆಯಾಗಿದ್ದರೆ ಏನೂ ಹಚ್ಚದೆ ಒಣಗಲು ಬಿಡುವುದೇ ಸಾಕು.

ಯಾರ ಹಾಲು ಎಂಬ ಪ್ರಶ್ನೆ ಇವೆಲ್ಲಕ್ಕಿಂತ ಮುಖ್ಯ. ಕಣ್ಣುಬೇನೆಗೆ ನೆರೆಮನೆಯ ಬಾಣಂತಿಯ ಹಾಲು ಕೇಳಿ ತರುವುದು ನಮ್ಮ ರೂಢಿ. ಆದರೆ ಎಚ್‌ಐವಿ ಎದೆಹಾಲಿನ ಮೂಲಕ ಹರಡಬಲ್ಲದು, ಆದ್ದರಿಂದ ಬೇರೆಯವರ ಹಾಲಿಗೆ ಪರೀಕ್ಷೆ ಬೇಕು. ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಆರಂಭಿಸಿದ ಹಾಲಿನ ಬ್ಯಾಂಕಿನ ಮಾದರಿ ಪುಣೆಯ ಸಸೂನ್ ಆಸ್ಪತ್ರೆಗೂ ಬಂದಿದೆ. ಇಂಥ ಬ್ಯಾಂಕುಗಳಲ್ಲಿ ದಾನಿಯ ರಕ್ತಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ಆದ್ಯತೆಯ ಮೇಲೆ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಕೊಡುತ್ತಾರೆ. ಎದೆಹಾಲಿನ ವ್ಯಾಪಾರಕ್ಕೆ ಅನುಮತಿಯಿಲ್ಲ ಎಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಎಚ್ಚರಿಸಿದೆ. ಮನೆಮದ್ದಿನ ಮುಂದಿನ ಸಮೀಕ್ಷೆಗಳು ‘ಬಳಸುತ್ತೀರಾ’ ಎಂದು ಕೇಳಿ ಮುಗಿಸದೆ, ಹಾಲು ಯಾರದು, ಹಿಂಡಿ ಎಷ್ಟು ಹೊತ್ತಾಗಿತ್ತು, ಏನು ಬೆರೆಸಿದ್ದರು, ಎಷ್ಟು ದಿನದ ಮೇಲೆ ಆಸ್ಪತ್ರೆಗೆ ಹೋದರು ಎಂದೂ ದಾಖಲಿಸಬೇಕು.