ವಾರಾನ್ನದಿಂದ ವಿದ್ಯಾರ್ಥಿನಿಲಯಕ್ಕೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರು ದಾಟಿ ಮಂಡ್ಯದ ಕಡೆಗೆ ಸಾಗಿದರೆ ಸಿಗುವ ಊರು ಗೆಜ್ಜಲಗೆರೆ. ಹಾಲಿನ ಡೇರಿಯಿಂದ ಹೆಸರಾದ ಊರು. ಓದಲು ಹೊರಡುವ ಇಲ್ಲಿನ ಮಕ್ಕಳಿಗೆ ಪೂರ್ವಕ್ಕೆ ಹೋದರೆ ಬೆಂಗಳೂರು, ಪಶ್ಚಿಮಕ್ಕೆ ಹೋದರೆ ಮೈಸೂರು. ಬಸ್ಸಿಗೆ ಬರವಿಲ್ಲ. ಆದರೆ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದ ಮೇಲೂ ಮನೆಯ ಹಿರಿಯರು ಕೇಳುವ ಮಾತು ಒಂದಿದೆ: ‘ಎಲ್ಲುಳ್ಕತೀಯ ಮಗ? ಊಟಕ್ಕೇನ್ ಮಾಡ್ತೀಯ?’

ಈ ಪ್ರಶ್ನೆಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಮೈಸೂರು ಸಂಸ್ಥಾನದಲ್ಲಿ ಯಾರು ಓದಿದರು, ಯಾರು ಓದಲಿಲ್ಲ ಎಂಬುದನ್ನು ಶಾಲೆಗಳು ಮಾತ್ರವಲ್ಲ, ಅಡುಗೆಮನೆಗಳೂ ನಿರ್ಧರಿಸಿದವು.

1880ರ ದಶಕದ ಆರಂಭದಲ್ಲಿ ರೈಲು ಮದ್ದೂರು, ಮಂಡ್ಯಗಳನ್ನು ಎರಡೂ ನಗರಗಳಿಗೆ ಜೋಡಿಸಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ಅದರ ಮುಖ್ಯ ಕಾಲೇಜುಗಳು ಎರಡೇ: ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಪದವಿ ಬೇಕೆಂದರೆ ಹಳ್ಳಿಯ ಹುಡುಗ ಊರು ಬಿಡಲೇಬೇಕಿತ್ತು.

ಹಾಗೆ ಬಂದ ಬಡ ವಿದ್ಯಾರ್ಥಿಗೆ ನಗರ ತೋರಿಸಿದ ಹಳೆಯ ದಾರಿ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣುವ ಪದ್ಧತಿ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಇದರಿಂದ ಅದೆಷ್ಟೋ ಮಂದಿ ಓದಿ ಮುಂದೆ ಬಂದರು. ಆದರೆ ಈ ಬಾಗಿಲುಗಳು ಬಹುಮಟ್ಟಿಗೆ ಬ್ರಾಹ್ಮಣ ಮನೆಗಳ ಬಾಗಿಲುಗಳು. ಮಡಿ ಮೈಲಿಗೆಯ ಆ ಕಾಲದಲ್ಲಿ ಒಕ್ಕಲಿಗರ ಹುಡುಗನಾಗಲಿ, ಕುರುಬರ ಹುಡುಗನಾಗಲಿ ಅಲ್ಲಿ ಎಲೆಯ ಮುಂದೆ ಕೂರುವಂತಿರಲಿಲ್ಲ. ದಲಿತ ಹುಡುಗನಂತೂ ಬೀದಿಗೆ ಬರುವುದೇ ಕಷ್ಟ. ಹೆಣ್ಣುಮಕ್ಕಳ ಮಾತು ಏಳುವಂತೆಯೇ ಇರಲಿಲ್ಲ.

ಈ ಕೊರತೆಗೆ ಉತ್ತರವಾಗಿ ಹುಟ್ಟಿದ್ದು ಸಮುದಾಯದ ವಿದ್ಯಾರ್ಥಿನಿಲಯ. ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರು ರೈಲು ನಿಲ್ದಾಣದ ಬಳಿ ಸ್ಥಾಪಿಸಿದ ಛತ್ರದ ಜತೆಗೆ ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಬೆಳೆಯಿತು. 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. ಮೈಸೂರಿನಲ್ಲಿ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮೀಜಿ 1941ರಲ್ಲಿ ಉಚಿತ ನಿಲಯ ತೆರೆದರು. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು 1918ರಲ್ಲಿ. ಸಮುದಾಯಗಳು ತಮ್ಮ ಮಕ್ಕಳ ಓದಿಗಾಗಿ ಸಂಘಟಿತರಾಗುವ ಕೆಲಸ ಅದಕ್ಕೂ ಮೊದಲೇ ಆರಂಭವಾಗಿತ್ತು ಎಂಬುದು ಗಮನಾರ್ಹ.

ಅಸ್ಪೃಶ್ಯರೆನಿಸಿಕೊಂಡವರ ಬಳಿ ಛತ್ರ ಕಟ್ಟುವ ಸಿರಿವಂತರೂ ಇರಲಿಲ್ಲ, ಮಠಗಳೂ ಇರಲಿಲ್ಲ. ಅಲ್ಲಿ ಬೇರೆಯವರು ಮುಂದಾದರು. ಮೈಸೂರಿನಲ್ಲಿ ತಲಕಾಡು ರಂಗೇಗೌಡರು, ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ತಮ್ಮ ತಮ್ಮ ಜಾತಿಯವರ ಅಸಮಾಧಾನವನ್ನು ಲೆಕ್ಕಿಸದೆ ದಲಿತ ಮಕ್ಕಳ ವಸತಿ ಮತ್ತು ಶಿಕ್ಷಣಕ್ಕಾಗಿ ದುಡಿದರು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬೆಂಗಳೂರಿಗೆ ಬಂದು ಅಯ್ಯರ್ ಹೆಸರಿನ ಹಾಸ್ಟೆಲಿನಲ್ಲಿ ಬೆಳೆದ ಹುಡುಗನೇ ಕವಿ ಸಿದ್ದಲಿಂಗಯ್ಯ. ‘ಊರುಕೇರಿ’ ಆತ್ಮಕಥೆಯಲ್ಲಿ ಅವರು ಹಾಸ್ಟೆಲ್ ದಿನಗಳನ್ನು ಬರೆದಿದ್ದಾರೆ.

ಮಂಡ್ಯ ಸೀಮೆಯ ಕತೆಯಲ್ಲಿ ನೀರಿನ ಪಾತ್ರವೂ ಇದೆ. 1930ರ ದಶಕದಲ್ಲಿ ಕನ್ನಂಬಾಡಿ ನಾಲೆ ಹರಿಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಬಂತು. ರಾಗಿ ಬೆಳೆಯುತ್ತಿದ್ದ ರೈತ ಕಬ್ಬಿನ ದುಡ್ಡು ಕಂಡ. ಮಗನನ್ನು ಪಟ್ಟಣಕ್ಕೆ ಕಳುಹಿಸುವ ಧೈರ್ಯ ಬಂದದ್ದು ಆಗ. ನಾಲೆಯ ನೀರು ಕಾಣದ ಬೆದ್ದಲು ಊರುಗಳಿಗೆ ಆ ಧೈರ್ಯ ತಡವಾಗಿ ಬಂತು. ಮುಂದೆ ಕೆ.ವಿ. ಶಂಕರಗೌಡರು ಕಾಲೇಜನ್ನೇ ಹಳ್ಳಿಯ ಮಕ್ಕಳ ಸಮೀಪಕ್ಕೆ ತರುವ ದಾರಿ ಹಿಡಿದರು. ಮಂಡ್ಯದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು 1962ರಲ್ಲಿ ಶುರುವಾಯಿತು.

ಜಾತಿಯ ಹೆಸರಿನ ಹಾಸ್ಟೆಲುಗಳ ಬಗ್ಗೆ ಎರಡು ಮಾತು ಹೇಳಬೇಕು. ಅವು ಇಲ್ಲದಿದ್ದರೆ ಹಳ್ಳಿಯ ಎರಡು ಮೂರು ತಲೆಮಾರುಗಳು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೆ ಊರಿನ ಕೇರಿಗಳು ನಗರಕ್ಕೂ ಬಂದು ನೆಲೆಯೂರಲು ಅವೂ ಒಂದು ಕಾರಣವಾದವು. ಒಂದೇ ತರಗತಿಯಲ್ಲಿ ಕೂತವರು ಸಂಜೆ ಬೇರೆ ಬೇರೆ ಪಂಕ್ತಿಗಳಲ್ಲಿ ಉಣ್ಣುತ್ತಿದ್ದರು. ಈ ಗೋಡೆಯನ್ನು ದಾಟಿದವರೂ ಉಂಟು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ತೋಟದಪ್ಪನವರ ನಿಲಯದಲ್ಲಿದ್ದ ಯುವಕ ಮುಂದೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮೀಜಿಯಾಗಿ, ಎಲ್ಲ ಜಾತಿಯ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಬಂದ ಎಚ್. ನರಸಿಂಹಯ್ಯ, ವಿಶ್ವವಿದ್ಯಾನಿಲಯದ ಕುಲಪತಿಯಾದ ಮೇಲೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯನ್ನು ಬಿಡಲಿಲ್ಲ.

ಊಟ, ವಸತಿ ದಾನವಲ್ಲ, ಸರ್ಕಾರದ ಹೊಣೆ ಎಂಬ ಭಾವನೆ ಬಲವಾದದ್ದು 1970ರ ದಶಕದಲ್ಲಿ, ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. 1975ರ ಹಾವನೂರು ವರದಿಯ ಆ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಹೆಚ್ಚಿದವು. ಹಾಸ್ಟೆಲಿನಲ್ಲಿ ಜಾಗ ಸಿಗದವರಿಗೆ ತಿಂಗಳಿಗೆ 1500 ರೂಪಾಯಿ ಕೊಡುವ ‘ವಿದ್ಯಾಸಿರಿ’ ಯೋಜನೆ 2013ರಲ್ಲಿ ಬಂತು.

ಗೆಜ್ಜಲಗೆರೆಯ ಹುಡುಗಿ ಇಂದು ಬೆಂಗಳೂರಿನಲ್ಲಿ ಪಿ.ಜಿ. ಹುಡುಕುತ್ತಾಳೆ. ವಾರಾನ್ನದ ಕಾಲ ಮುಗಿದಿದೆ. ಆದರೆ ಬಾಡಿಗೆ ಕೋಣೆಯ ಬಾಗಿಲಲ್ಲಿ ‘ನೀವು ಯಾವ ಜನ?’ ಎಂಬ ಪ್ರಶ್ನೆ ಮಾತ್ರ ಇನ್ನೂ ಮುಗಿದಿಲ್ಲ. ಓದಲು ಬಂದ ಮಗುವನ್ನು ‘ಉಂಡೆಯಾ?’ ಎಂದಷ್ಟೇ ಕೇಳುವ ನಗರವಾಗುವುದು ಇನ್ನೂ ಬಾಕಿಯಿದೆ.